ಮನೆಯವರ ಗುರುತು

ಅಮ್ಮ ಮತ್ತೆ ಗಾಜು ಒರೆಸತೊಡಗಿದಳು. ಪಕ್ಕದ ಬೀದಿಯ ಔಷಧಿ ಅಂಗಡಿಯವರು ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ಅತ್ತು ಹಿಂದೆ ಸರಿದದ್ದೇ ತಡ, ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ಎಳೆದು, ಬಾಯಿಂದ ಹಾ ಎಂದು ಆವಿ ಬಿಟ್ಟು, ಆ ಹತ್ತೂ ಬೆರಳುಗಳನ್ನು ಹೇಳಹೆಸರಿಲ್ಲದಂತೆ ತಿಕ್ಕಿ ಹಾಕಿದಳು. ಗಾಜಿನ ಕೆಳಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ತಣ್ಣಗೆ ಮಲಗಿದ್ದ.

"ಸಾಕು ಬಿಡೇ, ಬೆಳಗಿಂದ ಅದೇ ಕೆಲಸ ಆಯ್ತು," ಎಂದಳು ಅತ್ತೆ. ಅಪ್ಪನ ಸ್ವಂತ ಅಕ್ಕ. ಮಂಡಿ ನೋವಿನ ಕಾಲನ್ನು ಉದ್ದಕ್ಕೆ ಚಾಚಿ ಪೆಟ್ಟಿಗೆಯ ತಲೆಯ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಬಂದೋರೆಲ್ಲ ಕೈ ಇಡ್ತಾರೆ ಅಕ್ಕಾ. ಮುಖಾನೇ ಕಾಣಲ್ಲ."

ಅಮ್ಮನನ್ನು ಬಲ್ಲವರು ಇದಕ್ಕೆ ಆಶ್ಚರ್ಯಪಡಲಿಲ್ಲ. ಅಪ್ಪ ಕೆಲಸ ಮಾಡಿದ್ದು ಬೆರಳಚ್ಚು ಕಚೇರಿಯಲ್ಲಿ. ಜನ ಬಿಟ್ಟುಹೋದ ಗುರುತುಗಳನ್ನು ಹುಡುಕಿ, ಇದು ಇಂಥವರದು ಎಂದೋ ಅಲ್ಲವೆಂದೋ ಹೇಳುವುದು ಅವನ ಉದ್ಯೋಗ. ಅಮ್ಮನಿಗೋ ಮನೆಯಲ್ಲಿ ಒಂದು ಬೆರಳು ಕಂಡರೆ ನಿದ್ದೆ ಬಾರದು. ಲೋಟ, ಕನ್ನಡಿ, ಬಾಗಿಲ ಹಿಡಿ, ಎಲ್ಲಕ್ಕೂ ದಿನಾ ಬಟ್ಟೆಯ ಸೇವೆ. "ಈ ಲೋಕದಲ್ಲಿ ಕಳ್ಳರಿಗೆ ನಿನ್ನಷ್ಟು ಉಪಕಾರ ಮಾಡಿದೋರು ಇನ್ನೊಬ್ಬರಿಲ್ಲ ಕಣೇ," ಎಂದು ಅಪ್ಪ ರೇಗಿಸುತ್ತಿದ್ದ. ಕಚೇರಿಯವರು ಅವನಿಗೆ ಇಟ್ಟ ಹೆಸರು ಭೂತಗನ್ನಡಿ. ಆ ಹೆಸರಿನಲ್ಲೇ ಇವತ್ತು ಹೂವು ಕಳಿಸಿದ್ದರು. ಅವನು ಕಂಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ.

ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಬಡಗಿ ಅವಳು. ಬಸ್ ನಿಲ್ದಾಣದ ಹಿಂದೆ ಅವಳ ಅಂಗಡಿ. ಅಂಗಳದಲ್ಲಿ ಜನ ಕೂತಿದ್ದ ಬೆಂಚುಗಳು, ಅತ್ತೆ ಕೂತಿದ್ದ ಕುರ್ಚಿ, ಅವಳು ಒರಗಿದ್ದ ಚೌಕಟ್ಟು, ಎಲ್ಲ ಅವಳ ಕೈಯವೇ. ಯಾವ ಹಲಗೆ ಕಂಡರೂ ಮೊದಲು ಸವರಿ ನೋಡಿಯೇ ಮಾತಾಡುವವಳು. ಇವತ್ತು ಮಾತ್ರ ತೋಳು ಕಟ್ಟಿಕೊಂಡು, ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡು, ಬೆಳಗಿನಿಂದ ಹಾಗೇ ನಿಂತಿದ್ದಳು. ಅದು ಅವಳ ಬಹಳ ಹಳೆಯ ಅಭ್ಯಾಸ. ಬಿಟ್ಟುಹೋಗಿತ್ತು, ಇವತ್ತು ವಾಪಸು ಬಂದಿತ್ತು.

ಶವ ಸಾಗಿಸುವ ಗಾಡಿಯ ಡ್ರೈವರ್ ಒಳಗೆ ಇಣುಕಿದ. "ಹೊರಡೋಕೆ ಇನ್ನೂ ಸ್ವಲ್ಪ ಹೊತ್ತಿದೆ, ನಿಧಾನ ಮಾಡಿ. ಆದ್ರೆ ಮೊದಲೇ ಹೇಳಿಬಿಡ್ತೀನಿ, ಹಿಂದೆ ಪೆಟ್ಟಿಗೆ ಪಕ್ಕ ಇಬ್ಬರಿಗೆ ಮಾತ್ರ ಜಾಗ. ಮನೆಯವರು ಇಬ್ಬರು ಕೂತ್ಕೊಳ್ಳಿ, ಮಿಕ್ಕವರೆಲ್ಲ ಬಸ್ಸಲ್ಲಿ ಬರಲಿ."

"ಇನ್ಯಾರಪ್ಪ? ಕೈಹಿಡಿದೋಳು ಇವಳು, ಒಡಹುಟ್ಟಿದೋಳು ನಾನು," ಎಂದಳು ಅತ್ತೆ. ಅದರಲ್ಲಿ ಕೊಂಕು ಇರಲಿಲ್ಲ. ಅತ್ತು ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು. ಆಮೇಲೆ ಬಾಗಿಲ ಕಡೆ ತಿರುಗಿ, "ನೀನು ಬಸ್ಸಲ್ಲಿ ಎಲ್ಲರನ್ನೂ ಹತ್ತಿಸ್ಕೊಂಡು ಬಾಮ್ಮ. ನೀನಿದ್ರೆ ನಮಗೊಂದು ಧೈರ್ಯ," ಎಂದಳು.

"ಆಯ್ತು ಅತ್ತೆ."

ಆಯ್ತು ಎಂದಳೇ ಹೊರತು ಮನಸ್ಸು ಒಪ್ಪಲಿಲ್ಲ. ಅಪ್ಪನ ಜೊತೆ ಆ ಕೊನೆಯ ದಾರಿ ಅವಳಿಗೆ ಬೇಕಿತ್ತು. ಬೇರೇನೂ ಬೇಕಿರಲಿಲ್ಲ, ಅದೊಂದು ಬೇಕಿತ್ತು. ಆದರೆ ಕೇಳಿ ಪಡೆಯುವುದು ಅವಳಿಗೆ ಯಾವತ್ತೂ ಒಲಿಯದ ವಿದ್ಯೆ. ಇಷ್ಟು ವರ್ಷ ಎಲ್ಲಿ ಹೋದರೂ "ಇವಳು ನಮ್ಮವಳು" ಎಂದು ಮುಂದಾಗಿ ಹೇಳುತ್ತಿದ್ದವನು ಅಪ್ಪ. ಅವಳು ಬಾಯಿ ಬಿಡುವ ಪ್ರಮೇಯವೇ ಬಂದಿರಲಿಲ್ಲ. ಹಾಗೆ ಹೇಳುವವನೇ ಈಗ ಗಾಜಿನ ಕೆಳಗಿದ್ದ. ಅವನಿಲ್ಲದೆಯೂ ತಾನು ಈ ಮನೆಯವಳೇ ಹೌದೇ ಎಂಬುದನ್ನು ಯಾರ ಹತ್ತಿರ ಕೇಳುವುದು?

ಅಷ್ಟರಲ್ಲಿ ವೆಲ್ಡಿಂಗ್ ಅಂಗಡಿಯ ಮುದುಕ ಬಂದ. ಚಪ್ಪಲಿ ಹೊರಗೆ ಬಿಟ್ಟು, ಪೆಟ್ಟಿಗೆಯ ಹತ್ತಿರ ಬಂದು ಕೈ ಮುಗಿದ.

"ನನ್ನ ಗುರುತಿರಲ್ಲ ತಾಯಿ ನಿಮಗೆ," ಎಂದ ಅಮ್ಮನಿಗೆ. "ಹರೆಯದಲ್ಲಿ ನನ್ನನ್ನ ಒಂದು ಕಳ್ಳತನದ ಕೇಸಲ್ಲಿ ಹಿಡಿದು ಹಾಕಿದ್ರು. ಒಡೆದ ಪೆಟ್ಟಿಗೆ ಮೇಲೆ ಅರ್ಧಂಬರ್ಧ ಹೆಬ್ಬೆಟ್ಟು. ಎಲ್ಲರೂ ಇವನದೇ ಅಂದ್ರು. ಇವರು ನೋಡಿದ್ರು, ನೋಡಿದ್ರು, ನೋಡ್ತಾನೇ ಇದ್ರು. ಕೊನೆಗೆ ಒಂದೇ ಮಾತು. ಸಾಲದು ಅಂದ್ರು."

"ಅಂದ್ರೆ?" ಎಂದಳು ಅಮ್ಮ.

"ಹೌದು ಅನ್ನೋಕೂ ಸಾಲದು, ಅಲ್ಲ ಅನ್ನೋಕೂ ಸಾಲದು. ಗೆರೆ ಅಳಿಸಿ ಹೋಗಿದೆ, ನನ್ನಿಂದ ಹೇಳೋಕಾಗಲ್ಲ ಅಂದ್ರು. ಆವತ್ತು ನನಗೆ ಸಿಟ್ಟೇ ಬಂತು. ಅಲ್ಲ ಅಂತ ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು ಅಂತ. ಆಮೇಲೆ ಬುದ್ಧಿ ಬಂತು. ಎಲ್ಲರೂ ಹೌದು ಅಂತಿರೋವಾಗ ಗೊತ್ತಿಲ್ಲ ಅಂತ ಹೇಳೋಕೆ ಎಂಥ ಗುಂಡಿಗೆ ಬೇಕು! ಆ ಮಾತಿಂದ ನಾನು ಸಂಜೆ ಮನೆಗೆ ಹೋದೆ. ಮಕ್ಕಳು ಮರಿ ಎಲ್ಲ ಆಮೇಲೆ ಆದದ್ದು." ಅವನು ಗಾಜಿನ ಮೇಲೆ ಕೈ ಇಟ್ಟ. ಅಮ್ಮನ ಕೈ ತಾನಾಗಿ ಸೊಂಟಕ್ಕೆ ಹೋದದ್ದು ಕಂಡು ನಕ್ಕ. "ಒರೆಸಿ ತಾಯಿ, ಒರೆಸಿ. ನನ್ನ ಬೆರಳನ್ನ ಅವರು ಬೇಕಾದಷ್ಟು ನೋಡಿದಾರೆ."

ಬೆಂಚಿನ ಮೇಲಿದ್ದ ಪುಡಿಯಣ್ಣ ಗಟ್ಟಿಯಾಗಿ ನಕ್ಕ. ಅಪ್ಪನ ಜೊತೆ ಅದೇ ಕಚೇರಿಯಲ್ಲಿ ಸವೆದವನು. ಗುರುತು ಮೂಡಿಸಲು ಎರಚುವ ಕರಿಪುಡಿ ಅವನ ತೋಳಿನಿಂದ ಯಾವತ್ತೂ ಹೋಗುತ್ತಿರಲಿಲ್ಲವಾದ್ದರಿಂದ ಆ ಹೆಸರು. "ನಿಮ್ಮದೇನು ಬಿಡಿ ಯಜಮಾನ್ರೇ. ತಮ್ಮ ಮನೇಲಿ ಕಳ್ಳತನ ಆದಾಗ್ಲೂ ಸಾಲದು ಅಂದ ಪುಣ್ಯಾತ್ಮರು ಇವರು!"

"ಇವರ ಮನೇಲೇ ಕಳ್ಳತನವಾ?"

"ಅದೂ ಎಂಥದು! ಬಟ್ಟೆ ಸುತ್ಕೊಂಡು ಬಂದ ಕುಳ್ಳ ಕಳ್ಳ."

"ಶುರು ಮಾಡ್ದ ನೋಡು," ಎಂದಳು ಅತ್ತೆ. "ಹೇಳೋದಾದ್ರೆ ಪೂರ್ತಿ ಹೇಳು. ಅದರಲ್ಲಿ ನನ್ನ ಮಾನ ಹೋಗಿದ್ದೂ ಹೇಳು."

ಜನ ಬೆಂಚುಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮಗಳಿಗೆ ಆ ಕತೆ ಬಾಯಿಪಾಠ. ಆದರೆ ಅವಳದು ಬಾಗಿಲ ಹಿಂದಿನಿಂದ ನೋಡಿದ ಕತೆ.

*

ಮಕ್ಕಳ ಆಶ್ರಮದಿಂದ ಅವಳನ್ನು ಈ ಮನೆಗೆ ಕರೆತಂದು ಇನ್ನೂ ತಿಂಗಳು ತುಂಬಿರಲಿಲ್ಲ. ಹೊರಡುವ ದಿನ ಅಲ್ಲಿಯ ಆಯಾ ಅವಳ ಜಡೆ ಹಾಕುತ್ತಾ, "ಜೋಕೆ ಕಣೇ, ಬೆರಳಚ್ಚಿನವರ ಮನೆ. ನೀನು ಏನು ಮುಟ್ಟಿದ್ರೂ ಅವರಿಗೆ ಗೊತ್ತಾಗಿಬಿಡತ್ತೆ," ಎಂದು ತಮಾಷೆ ಮಾಡಿದ್ದಳು. ದೊಡ್ಡವರು ತಮಾಷೆ ಮಾಡಿ ಮರೆಯುತ್ತಾರೆ, ಮಕ್ಕಳು ಅದನ್ನು ಗಂಟು ಕಟ್ಟಿಕೊಂಡು ಬರುತ್ತಾರೆ. ಅವಳು ಈ ಮನೆಯಲ್ಲಿ ಏನನ್ನೂ ಮುಟ್ಟಲಿಲ್ಲ. ಬಾಗಿಲು ತೆರೆಯಬೇಕಾದರೆ ಫ್ರಾಕಿನ ಅಂಚಿನಿಂದ ಹಿಡಿ ಹಿಡಿಯುವಳು. ನೀರಿನ ಲೋಟ, ನಲ್ಲಿ, ಬಿಸ್ಕತ್ತಿನ ಡಬ್ಬ, ಎಲ್ಲಕ್ಕೂ ಫ್ರಾಕಿನ ಅಂಚು. ಮಿಕ್ಕ ಹೊತ್ತು ಕೈ ಕಂಕುಳಲ್ಲಿ. ಅಮ್ಮ ಅದನ್ನು ಚಳಿ ಎಂದುಕೊಂಡು ಸ್ವೆಟರ್ ಹೆಣೆಯಲು ಕೂತಿದ್ದಳು.

ಆಗಲೇ ರೇಡಿಯೋ ಕಳುವಾದದ್ದು. ಎಲ್ಲರೂ ಪೇಟೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಹಿತ್ತಿಲ ಕಿಟಕಿ ಹಾರಿ ಬಂದಿದ್ದರು. ಹುಡುಗಿಗೆ ಮುಂದಿನದು ಸ್ಪಷ್ಟವಾಗಿ ಗೊತ್ತಿತ್ತು. ಮನೆಗೆ ಹೊಸಬಳು ತಾನು, ವಸ್ತು ಹೋಗಿದೆ, ಇನ್ನು ತನ್ನನ್ನು ವಾಪಸು ಬಿಟ್ಟು ಬರುತ್ತಾರೆ. ಯಾರಿಗೂ ತೊಂದರೆ ಬೇಡವೆಂದು ತನ್ನ ಬಟ್ಟೆಯನ್ನು ತಾನೇ ಗಂಟು ಕಟ್ಟಿಕೊಂಡು ಬಾಗಿಲ ಹಿಂದೆ ನಿಂತಳು.

ತನ್ನ ಮನೆಯ ಕೇಸಿನ ವರದಿಯನ್ನು ತಾನೇ ಬರೆಯುವಂತಿಲ್ಲ, ಅದು ಅವರ ಕೆಲಸದ ನೇಮ. ಹಾಗಾಗಿ ಪುಡಿಯಣ್ಣ ಬಂದ. ಮೀಸೆ ಆಗಷ್ಟೇ ಚಿಗುರಿದ ಹೊಸ ಉತ್ಸಾಹಿ. ಅಮ್ಮ ಬೆಳಗಿನಿಂದ ಉಜ್ಜಿಟ್ಟ ಮನೆಗೆಲ್ಲ ಕರಿಪುಡಿ ಎರಚಿದ. ಅಮ್ಮನ ಕಣ್ಣಲ್ಲಿ ನೀರು ಬಂದದ್ದು ರೇಡಿಯೋಗಲ್ಲ, ಆ ಪುಡಿಗೆ. ಕುಂಚ ಆಡಿಸುತ್ತಾ ಹೋದ ಪುಡಿಯಣ್ಣನ ಮುಖ ಬರಬರುತ್ತಾ ಅರಳಿತು.

"ಸಾರ್, ಇವನು ಪಳಗಿದ ಕೈ! ಬೆರಳೇ ಇಲ್ಲ. ಎಲ್ಲಾ ಕಡೆ ಬಟ್ಟೆ ನೇಯ್ಗೆಯ ಗುರುತು. ಬಟ್ಟೆ ಸುತ್ಕೊಂಡೇ ಮನೆಯೆಲ್ಲ ಓಡಾಡಿದಾನೆ. ಆದ್ರೆ ಆಸಾಮಿ ಕುಳ್ಳ, ಬಾಗಿಲನ್ನೂ ಕೆಳಗಡೆನೇ ಹಿಡಿದಿದಾನೆ. ಬಿಸ್ಕತ್ತಿನ ಡಬ್ಬಾನೂ ಮುಟ್ಟಿದಾನೆ ಸಾರ್. ನೀರೂ ಕುಡಿದಿದಾನೆ. ಎಷ್ಟು ಕೊಬ್ಬಿರಬೇಕು!"

ಅಪ್ಪ ಭೂತಗನ್ನಡಿ ಹಿಡಿದು ಬಾಗಿಲ ಹಿಡಿಯ ಮುಂದೆ ಮಂಡಿಯೂರಿ ಕೂತ. ಆ ನೇಯ್ಗೆಯನ್ನು ನೋಡಿದ. ಅದು ಅಮ್ಮನ ಒರೆಸುವ ಬಟ್ಟೆಯದಲ್ಲ. ಎದ್ದು ಲೋಟ ನೋಡಿದ, ನಲ್ಲಿ ನೋಡಿದ, ಕನ್ನಡಿಯ ಕೆಳಗಿನ ಅಂಚು ನೋಡಿದ. ಅವನು ಹುಡುಕುತ್ತಿದ್ದದ್ದು ಕಳ್ಳನನ್ನಲ್ಲ. ಮನೆಯಲ್ಲಿ ಎಲ್ಲಾದರೂ ಒಂದು ಪುಟ್ಟ ಬೆರಳು ಸಿಕ್ಕೀತೇ ಎಂದು ಹುಡುಕುತ್ತಿದ್ದ. ಸಿಗಲಿಲ್ಲ. ಬಾಗಿಲ ಸಂದಿಯಲ್ಲಿ ಫ್ರಾಕಿನ ಅಂಚು ಮಾತ್ರ ಕಾಣುತ್ತಿತ್ತು.

"ಮನೆಯವರದ್ದು ತಗೊಂಡ್ಯಾ?" ಎಂದ, ದನಿ ಬೇರೆಯಾಗಿತ್ತು.

ಅದು ಅವರ ಕೆಲಸದ ಮೊದಲ ಪಾಠ. ಎಲ್ಲಿ ಕಳ್ಳತನವಾದರೂ ಮೊದಲು ಆ ಮನೆಯವರ ಬೆರಳಚ್ಚು ತೆಗೆದುಕೊಳ್ಳಬೇಕು. ಸಿಕ್ಕಿದ ಗುರುತುಗಳಲ್ಲಿ ಅವರವನ್ನು ಗುರುತಿಸಿ ಬದಿಗಿಡಬೇಕು. ಇರಬೇಕಾದವರದ್ದು ಇದ್ದರೆ ಅದು ಅನುಮಾನವಲ್ಲ. ಮಿಕ್ಕಿದ್ದೇ ಹೊರಗಿನವನದು.

"ಮನೆಯವರು ಎಷ್ಟು ಜನ ಸಾರ್?"

"ಮೂರು ಜನ."

ಪುಡಿಯಣ್ಣ ತಲೆ ಎಣಿಸಿದ. "ನೀವು, ಅಮ್ಮಾವ್ರು, ಅಕ್ಕಾವ್ರು."

"ಅಕ್ಕ ನೆಂಟರು. ರಜಕ್ಕೆ ಬಂದಿದಾರೆ. ಅವರದ್ದನ್ನ ಬೇರೆ ತಗೋ."

"ಏನೋ ಅಂದೆ?" ಎಂದು ಅತ್ತೆ ಅಡುಗೆಮನೆಯಿಂದಲೇ ಗುಡುಗಿದಳು.

"ಮತ್ತೆ ಮೂರನೆಯವರು ಯಾರು ಸಾರ್?"

"ಬಾಗಿಲ ಹಿಂದೆ ಇದಾಳೆ," ಎಂದ ಅಪ್ಪ. ಇಡೀ ಮನೆಗೆ ಕೇಳುವ ಹಾಗೆ ಹೇಳಿದ.

ಹುಡುಗಿ ಗಂಟು ತಬ್ಬಿಕೊಂಡು ಹೊರಗೆ ಬಂದಳು. "ನಾನು ತಗೊಂಡಿಲ್ಲ," ಎಂದಳು.

"ಗೊತ್ತು. ಕಳ್ಳರದ್ದು ಆಮೇಲೆ ತಗೋತೀವಿ. ಮೊದಲು ಮನೆಯವರದ್ದು." ಅಪ್ಪ ಗಂಟನ್ನು ಇಸಿದುಕೊಂಡು ಪಕ್ಕಕ್ಕಿಟ್ಟ. ಅವಳ ಹೆಬ್ಬೆರಳನ್ನು ಮಸಿಯ ಮೇಲೆ ಉರುಳಿಸಿ, ಉಗುರಿನ ಈ ಅಂಚಿನಿಂದ ಆ ಅಂಚಿನವರೆಗೆ ಬಿಳಿ ಹಾಳೆಯ ಮೇಲೆ ಹೊರಳಿಸಿದ. "ನೋಡು, ಇದು ಸುರುಳಿ. ಮಧ್ಯದಲ್ಲಿ ಸುತ್ತಿ ಸುತ್ತಿ ಕೂತಿದೆ. ಈ ಬೆರಳಲ್ಲಿ ಗೆರೆ ಬಂದ ಕಡೆಗೇ ತಿರುಗಿ ಹೋಗಿದೆ, ಇದು ಕುಣಿಕೆ. ಇದು ಒಂಚೂರು ಎದ್ದು ಇಳಿದಿದೆ, ಕಮಾನು. ಇಲ್ಲಿ ನೋಡು, ಈ ಗೆರೆ ನಡು ದಾರೀಲಿ ನಿಂತೇಹೋಯ್ತು. ಈ ಗೆರೆ ಎರಡು ಕವಲಾಯ್ತು. ಇದು ಬರೀ ಚುಕ್ಕಿ. ಇವು ಎಲ್ಲೆಲ್ಲಿ ಹೇಗೆ ಕೂತಿವೆ ಅನ್ನೋದರಲ್ಲೇ ನೀನಿರೋದು."

ಅವಳು ಅಂಜುತ್ತಾ ಕೇಳಿದಳು, "ನಿಮ್ಮ ಥರ ಇದೆಯಾ?"

"ಇಲ್ಲ."

ಅವಳ ಮುಖ ಇಳಿದುಹೋಯಿತು. ಅಪ್ಪ ತನ್ನ ಹೆಬ್ಬೆರಳನ್ನೂ ಒತ್ತಿ ಪಕ್ಕದಲ್ಲಿ ತೋರಿಸಿದ. "ನನ್ನದು ನಮ್ಮಪ್ಪನ ಥರ ಇರಲಿಲ್ಲ. ಅಲ್ಲಿ ಗುರ್ ಅಂತಿದಾಳಲ್ಲ ನಮ್ಮಕ್ಕ, ಅವಳದ್ದೂ ನನ್ನ ಥರ ಇಲ್ಲ. ಯಾರದ್ದೂ ಯಾರ ಥರಾನೂ ಇರಲ್ಲ ಪುಟ್ಟಾ. ಯಾರು ಯಾರ ಮಗು ಅಂತ ಗೆರೆ ಹೇಳಲ್ಲ. ಯಾರು ಇಲ್ಲಿದ್ರು ಅಂತ ಹೇಳತ್ತೆ, ಅಷ್ಟೇ." ಆಮೇಲೆ ಮೆಲ್ಲಗೆ ಕೇಳಿದ. "ನೀನು ಇಷ್ಟು ದಿನದಿಂದ ಇಲ್ಲಿದೀಯ. ಮನೇಲಿ ನಿನ್ನದು ಒಂದು ಬೆರಳೂ ಇಲ್ಲ. ಯಾಕೆ?"

"ಮುಟ್ಟಿದ್ರೆ ನಿಮಗೆ ಗೊತ್ತಾಗತ್ತೆ."

ಕುಳ್ಳ ಕಳ್ಳ ಯಾರೆಂದು ಆಗ ಪುಡಿಯಣ್ಣನಿಗೆ ಹೊಳೆದು, ಅವನು ನಗಲು ಬಾಯಿ ತೆರೆದವನು ಅಪ್ಪನ ಮುಖ ನೋಡಿ ಮುಚ್ಚಿಕೊಂಡ. ಅಪ್ಪ ಮಸಿಯಾದ ಆ ಕೈ ಹಿಡಿದು ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿದ. "ಇಲ್ಲಿ ಮುಟ್ಟು," ಎಂದ. ಅವಳು ಮುಟ್ಟಿದಳು. "ಇಲ್ಲಿ." ಕಿಟಕಿಯ ಗಾಜು. "ಇಲ್ಲಿ." ಬಾಗಿಲು, ನೀರಿನ ಲೋಟ, ರೇಡಿಯೋ ಇದ್ದ ಖಾಲಿ ಮೇಜು, ಅಮ್ಮನ ಪ್ರಾಣಕ್ಕೆ ಸಮವಾದ ಸ್ಟೀಲ್ ಡಬ್ಬಗಳು. ಅಮ್ಮ ಬಟ್ಟೆ ಹಿಡಿದು ಹಿಂದೆ ಹಿಂದೆಯೇ ಬರುತ್ತಿದ್ದಳು.

"ಈ ವಾರ ಒರೆಸಬೇಡ ಕಣೇ," ಎಂದ ಅಪ್ಪ. "ನಿನ್ನ ಕೈ ಮುಗಿತೀನಿ."

ಅಮ್ಮ ಹುಡುಗಿಯ ಕೈಗಳನ್ನು ನೋಡಿದಳು. ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ವಾರ ಅವಳು ಪಟ್ಟ ಪಾಡು ಯಾರಿಗೂ ಬೇಡ. ವಾರ ಕಳೆದ ಮೇಲೆ ಎಲ್ಲ ಒರೆಸಿದಳು. ಮಾರನೆಯ ದಿನ ಮತ್ತೆ ಎಲ್ಲ ಕಡೆ ಪುಟ್ಟ ಬೆರಳುಗಳಿದ್ದವು. ಅಮ್ಮ ಬೈದುಕೊಂಡು ಒರೆಸಿದಳು, ಒಳಗೊಳಗೇ ನಗುತ್ತಿದ್ದಳು.

ಕೊನೆಗೆ ಹಿತ್ತಿಲ ಕಿಟಕಿಯ ಮೇಲೆ ನಿಜವಾದ ಕಳ್ಳನದೊಂದು ಗುರುತು ಸಿಕ್ಕಿತ್ತು, ಆದರೆ ಗೆರೆಗಳು ಕಲಸಿಹೋಗಿದ್ದವು. ಪುಡಿಯಣ್ಣ ಹೇಗಾದರೂ ಹಳೆಯ ಕಳ್ಳರ ಪೈಕಿ ಒಬ್ಬನಿಗೆ ಹೊಂದಿಸೋಣವೆಂದ. ಅಪ್ಪ ನೋಡಿ, ಸಾಲದು ಎಂದ. ರೇಡಿಯೋ ಹೋದದ್ದು ಹೋಯಿತು. ಆ ಕಳ್ಳ ಯಾರೋ ಎಲ್ಲಿಯವನೋ, ಮಗಳು ಅವನಿಗೆ ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದಾಳೆ.

*

"...ಅಂತೂ ಬಿಸ್ಕತ್ತು ಕದ್ದ ಕುಳ್ಳ ಕಳ್ಳ ಅಲ್ಲಿ ನಿಂತಿದಾಳೆ ನೋಡಿ!" ಎಂದು ಪುಡಿಯಣ್ಣ ಮುಗಿಸಿದ. ಸಾವಿನ ಮನೆ ಎಂಬುದನ್ನು ಮರೆತು ಜನ ನಕ್ಕರು. ಮಗಳೂ ನಕ್ಕಳು. ವೆಲ್ಡಿಂಗ್ ಅಂಗಡಿಯವನು ಕಣ್ಣೊರೆಸಿಕೊಂಡ.

"ನಗ್ತೀರಿ ನೀವು," ಎಂದಳು ಅತ್ತೆ. "ಜೊತೇಲಿ ಹುಟ್ಟಿ ಬೆಳೆದೋಳನ್ನ ನೆಂಟರ ಸಾಲಿಗೆ ಹಾಕಿದ. ಎತ್ತಿ ಆಡಿಸಿದೋಳು ನಾನು! ಎಷ್ಟು ದಿನ ಮಾತು ಬಿಟ್ಟಿದ್ದೆ ಗೊತ್ತಾ?"

ಪುಡಿಯಣ್ಣ ನಗು ನಿಲ್ಲಿಸಿದ. "ಅಕ್ಕಾ, ಅವತ್ತು ಜೀಪಲ್ಲಿ ವಾಪಸ್ ಹೋಗೋವಾಗ ನಾನೂ ಕೇಳ್ದೆ. ಯಾಕೆ ಸಾರ್, ಅಕ್ಕಾವ್ರಿಗೆ ಹಾಗಂದ್ರಿ ಅಂತ. ಏನಂದ್ರು ಗೊತ್ತಾ? 'ನಮ್ಮಕ್ಕನ್ನ ಎಲ್ಲಿ ಕೂರಿಸಿದ್ರೂ ಅವಳು ನಮ್ಮಕ್ಕನೇ. ಬೈದು ಸುಮ್ಮನಾಗ್ತಾಳೆ. ಆ ಮಗುಗೆ ಮಾತ್ರ ಯಾರಾದ್ರೂ ಗಟ್ಟಿಯಾಗಿ ಹೇಳಬೇಕಿತ್ತು, ಎಲ್ಲರ ಮುಂದೆ.' ಹಾಗಂದ್ರು."

ಅತ್ತೆ ಚಾಚಿದ್ದ ಕಾಲನ್ನು ಒಳಕ್ಕೆಳೆದುಕೊಂಡು ಅವನ ಕಡೆ ತಿರುಗಿದಳು. "ಇದನ್ನ ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ನೀವು ಆ ಮಾತು ತೆಗೀತಿದ್ದಿದ್ದು ಬೈಯೋಕೆ ಅಕ್ಕಾ. ಮಧ್ಯೆ ಬಾಯಿ ಹಾಕೋ ಧೈರ್ಯ ಯಾರಿಗಿತ್ತು?"

ಹೊರಗೆ ಗಾಡಿ ಹಿಂದಕ್ಕೆ ಬಂದು ನಿಂತಿತು. ಗಂಡಸರು ಎದ್ದರು. ಪೆಟ್ಟಿಗೆ ಎತ್ತುವಾಗ ಪುಡಿಯಣ್ಣ ಗಾಜಿನ ಅಂಚು ಹಿಡಿದ, ಡ್ರೈವರ್ ಎರಡೂ ಕೈ ಒತ್ತಿ ಒಳಕ್ಕೆ ತಳ್ಳಿದ. ಪೆಟ್ಟಿಗೆ ತನ್ನ ಜಾಗದಲ್ಲಿ ಕೂತಿತು. ಮಗಳು ಹಿಂದಿನ ಬಸ್ಸಿನ ಕಡೆ ಹೊರಟಿದ್ದಳು, ಕೈ ಇನ್ನೂ ಕಂಕುಳಲ್ಲೇ.

"ಮನೆಯವರು ಹತ್ತಿ," ಎಂದ ಡ್ರೈವರ್.

ಅತ್ತೆ ನೋಯುವ ಕಾಲನ್ನು ಮೆಟ್ಟಿಲ ಮೇಲಿಟ್ಟು, ತಮ್ಮನ ಮುಖ ನೋಡುತ್ತಾ ಗಾಜಿನ ಮೇಲೆ ಕೈಯೂರಿದಳು. ಅಮ್ಮ ಮಾತ್ರ ಹತ್ತಲಿಲ್ಲ. ಬಟ್ಟೆ ಹಿಡಿದು ಗಾಜನ್ನೇ ನೋಡುತ್ತಾ ನಿಂತುಬಿಟ್ಟಳು.

"ಏನಮ್ಮಾ?" ಎಂದ ಪುಡಿಯಣ್ಣ.

"ಬೆಳಗಿಂದ ಊರಿನವರ ಬೆರಳೆಲ್ಲ ಒರೆಸಿದೀನಿ," ಎಂದಳು ಅಮ್ಮ. "ಇವಳದ್ದು ಒಂದೂ ಸಿಗಲಿಲ್ಲ."

ಎಲ್ಲರೂ ತಿರುಗಿ ನೋಡಿದರು. ಮಗಳು ಬಸ್ಸಿನ ಬಾಗಿಲಲ್ಲಿ ನಿಂತಳು. ಅವಳ ಕಟ್ಟಿಕೊಂಡ ತೋಳುಗಳನ್ನು ಅತ್ತೆ ಆ ದಿನ ಮೊದಲ ಸಲ ಸರಿಯಾಗಿ ನೋಡಿದಳು. ನೋಡಿ, ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಕುಂಟುತ್ತಾ ಬಸ್ಸಿನ ಹತ್ತಿರ ಹೋಗಿ, ಆ ಕೈಯನ್ನು ಕಂಕುಳಿಂದ ಬಿಡಿಸಿ, ಹಿಡಿದು ಎಳೆದುಕೊಂಡು ಬಂದಳು.

"ಇವಳು ಹತ್ತಲಿ," ಎಂದಳು ಡ್ರೈವರ್‌ಗೆ. "ನಾನು ನೆಂಟಳಪ್ಪ. ನಮ್ಮ ತಮ್ಮ ಯಾವತ್ತೋ ಹೇಳಿಬಿಟ್ಟಿದಾನೆ." ಬೈಯುವ ದನಿಯಲ್ಲೇ ಹೇಳಹೊರಟಳು, ಕೊನೆಗೆ ದನಿ ಒಡೆಯಿತು.

"ಅತ್ತೆ, ನಿಮ್ಮ ಕಾಲು..."

"ನನ್ನ ಕಾಲಿನ ಸುದ್ದಿ ನಿನಗ್ಯಾಕೆ? ಹತ್ತು. ಬಸ್ಸಲ್ಲಿ ಎಲ್ಲರನ್ನೂ ನಾನು ನೋಡ್ಕೋತೀನಿ. ಮೊದಲು ಅಪ್ಪನ್ನ ಮುಟ್ಟು."

ಮಗಳು ಹತ್ತಿದಳು. ಗಾಜಿನ ಕೆಳಗೆ ಅಪ್ಪನ ಕೈಗಳು ಒಂದರ ಮೇಲೊಂದು ಇದ್ದವು. ಅವುಗಳ ನೇರಕ್ಕೆ ಗಾಜಿನ ಮೇಲೆ ತನ್ನ ಬಲ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು ಒತ್ತಿದಳು. ಬೆಳಗಿನಿಂದ ಬಾರದ ಅಳು ಈಗ ಬಂತು. ಅತ್ತು ಮುಗಿಸಿ, ಕೈ ತೆಗೆದು, ಮೂಗೊರೆಸಿಕೊಂಡು ಬದಿಯ ಸೀಟಿನಲ್ಲಿ ಕೂತಳು.

ಡ್ರೈವರ್ ಒರೆಸುವ ಬಟ್ಟೆ ತಂದು ಗಾಜಿಗೆ ಕೈಹಾಕಿದ.

"ನೀನು ಬಿಡಪ್ಪ, ನಾನು ಮಾಡ್ತೀನಿ," ಎಂದಳು ಅಮ್ಮ.

ಅವಳು ಮಗಳ ಎದುರು ಕೂತು ಒರೆಸತೊಡಗಿದಳು. ಡ್ರೈವರನ ಹತ್ತು ಬೆರಳು ಹೋದವು. ಅಂಚಿನಲ್ಲಿದ್ದ ಪುಡಿಯಣ್ಣನವು ಹೋದವು. ಅತ್ತೆಯ ಕೈ ಬಂದಾಗ ಕೆಳಗೆ ನಿಂತಿದ್ದ ಅತ್ತೆಯ ಮುಖ ನೋಡಿದಳು. ಒರೆಸು ಒರೆಸು ಎಂದು ಅತ್ತೆ ತಲೆಯಾಡಿಸಿದಳು. ಕೊನೆಗೆ ಬಟ್ಟೆ ನಡುವಿನ ಅಂಗೈಗೆ ಬಂತು. ಹೆಬ್ಬೆರಳಲ್ಲಿ ಸುರುಳಿ, ಸುರುಳಿಯನ್ನು ಅಡ್ಡಕ್ಕೆ ಕತ್ತರಿಸಿ ಹೋದ ಉಳಿಯೇಟಿನ ಹಳೇ ಗೆರೆ. ಗಂಡನ ವಿದ್ಯೆ ತನಗೇನೂ ತಿಳಿಯದೆಂದು ಜೀವಮಾನವೆಲ್ಲ ಹೇಳಿಕೊಂಡು ಬಂದ ಅಮ್ಮ, ಬಗ್ಗಿ ಅದನ್ನು ನೋಡಿದಳು. ಅದರ ಸುತ್ತ ಒಂದು ಕಲೆ ಬಿಡದಂತೆ ಒರೆಸಿದಳು. ಆಮೇಲೆ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಪಕ್ಕಕ್ಕೆ ಬಂದು ಕೂತಳು.

ಗಾಡಿ ಬೀದಿಗೆ ತಿರುಗಿತು. ಬಿಸಿಲು ಓರೆಯಾಗಿ ಒಳಗೆ ಬಿತ್ತು. ಥಳಥಳ ಹೊಳೆಯುವ ಗಾಜಿನ ನಡುವೆ, ಅಪ್ಪನ ಕೈಗಳ ಮೇಲೆ, ಆ ಒಂದು ಅಂಗೈ ಐದೂ ಬೆರಳು ಬಿಚ್ಚಿ ಬೆಳ್ಳಗೆ ಕಾಣುತ್ತಿತ್ತು.